ಬಸ್ಸಿನ ಮನೆಯ ಕೊಳೆನೀರಿನ ಪಂಪು

ನನ್ನ ಗೆಳೆಯನಿಗೆ ಕಾಸರಗೋಡಿನ ಹತ್ತಿರದ ನಾಯ್ಮಾರ್ಮೂಲೆಯಲ್ಲಿ ಮನೆ. ಅವನು ಗಲ್ಫಿನ ಕೆಲಸ ಬಿಟ್ಟು ಬಂದ ಮರುವರ್ಷ, ಎರಡು ಸಾವಿರದ ಹತ್ತರ ಆಚೀಚೆ ಇರಬೇಕು, ಮನೆಯ ಹಿಂದಿನ ತಗಡಿನ ಶೆಡ್ಡಿಗೆ ಒಂದು ಹಳೆಯ ಮಿನಿಬಸ್ಸು ಬಂದು ನಿಂತಿತು. ಗೋವಾದಲ್ಲಿ ಯಾರೋ ಎಷ್ಟೋ ವರ್ಷಗಳ ಹಿಂದೆ ಅದನ್ನು ವಾಸದ ಗಾಡಿಯಾಗಿ ಮಾರ್ಪಡಿಸಿದ್ದರು. ಒಳಗೆ ಮಂಚ, ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ಸಿಂಕು, ನಿಂತು ಸ್ನಾನ ಮಾಡುವಷ್ಟು ಜಾಗ. ತೊಳೆದ ನೀರು, ಮಿಂದ ನೀರು ಎಲ್ಲ ಅಡಿಯ ಒಂದು ಟ್ಯಾಂಕಿಗೆ ಇಳಿಯುತ್ತಿತ್ತು. ಅದನ್ನು ಹೊರಗೆ ಹಾಕಲು ಬ್ಯಾಟರಿಯಲ್ಲಿ ಓಡುವ ಒಂದು ಪಂಪು. ನಾವು ಆ ಗಾಡಿಯನ್ನು ಬಸ್ಸಿನ ಮನೆ ಎಂದೇ ಕರೆಯುತ್ತಿದ್ದೆವು.

ನಾನು ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿದ್ದವನು. ಅವನು ನಾನು ಕನ್ನಡ ಶಾಲೆಯಲ್ಲಿ ಒಂದೇ ಬೆಂಚು. ಅವನು ದುಬೈಯಲ್ಲಿದ್ದ ಕಾಲದಲ್ಲಿ ನನ್ನ ಹಡಗು ಅಲ್ಲಿಗೆ ಮುಟ್ಟಿದರೆ ಬಂದರಿನ ಗೇಟಿನಲ್ಲಿ ಬಿಸಿಲಿಗೆ ನಿಂತು ಕಾಯುತ್ತಿದ್ದ. ಕೋಣೆಗೆ ಕರೆದುಕೊಂಡು ಹೋಗಿ ಬಂಗುಡೆ ಸಾರು ಮಾಡಿ ಬಡಿಸುತ್ತಿದ್ದ. ಇದನ್ನು ಹೇಳದೆ ಮುಂದಿನದ್ದನ್ನು ಹೇಳಿದರೆ ಅವನಿಗೆ ಅನ್ಯಾಯವಾಗುತ್ತದೆ.

ನಾನು ಹಡಗು ಬಿಟ್ಟು ಊರಿಗೆ ಬಂದ ಮೇಲೆ ನಮ್ಮಿಬ್ಬರಿಗೂ ಆ ಬಸ್ಸೇ ಕೆಲಸವಾಯಿತು. ತುಕ್ಕು ಕೆರೆದೆವು, ಬಣ್ಣ ಹಚ್ಚಿದೆವು. ಮಂಚದ ಹಲಗೆಗಳನ್ನು ನಾನೇ ಕೊಯ್ದು ಕೂರಿಸಿದೆ. ಟ್ಯಾಂಕನ್ನು ಬಿಚ್ಚಿ ಸೋಪಿನ ನೀರು ಹಾಕಿ ಉಜ್ಜಿದೆ. ಸಂಜೆ ಕೈ ತೊಳೆದು ಬಸ್ಸಿನ ಮೆಟ್ಟಿಲ ಮೇಲೆ ಕೂತಾಗ ಅವನು ಹೇಳುತ್ತಿದ್ದ, "ಮೊದಲ ಸವಾರಿ ನಾವಿಬ್ರೇ ಮಾರಾಯ. ಮನೆಯವರೆಲ್ಲ ಆಮೇಲೆ. ಪುತ್ತೂರಾಗಿ ಮಡಿಕೇರಿ, ಅಲ್ಲಿಂದ ಎಲ್ಲಿಗೆ ಮನಸ್ಸಾಗ್ತದೋ ಅಲ್ಲಿಗೆ." ಎಷ್ಟೋ ದೇಶಗಳ ಬಂದರು ನೋಡಿದ ನಾನು ಮಡಿಕೇರಿ ನೋಡಿರಲಿಲ್ಲ. ರಜೆ ಸಿಕ್ಕಿದಾಗಲೆಲ್ಲ ಮನೆ ಸೇರುವ ಅವಸರವೇ ಆಗಿತ್ತು. ಹಾಗಾಗಿ ಅವನ ಮಾತನ್ನು ಸಣ್ಣ ಮಕ್ಕಳು ನಂಬುವ ಹಾಗೆ ನಂಬಿಕೊಂಡಿದ್ದೆ.

ಮಗಳ ಬಾಣಂತನಕ್ಕೆಂದು ನಾನೂ ಹೆಂಡತಿಯೂ ಮಂಗಳೂರಿನಲ್ಲಿ ಕೆಲವು ವಾರ ಉಳಿಯಬೇಕಾಯಿತು. ಊರಿಗೆ ಮರಳಿದ ಬೆನ್ನಿಗೇ ಅವನ ಫೋನು.

"ಸಿಂಕಿನ ನೀರು ಇಳಿಯುದಿಲ್ಲ. ಒಳಗೆ ಒಂಥರಾ ವಾಸನೆ. ಶೆಡ್ಡಲ್ಲಿ ನಿಂತು ನಿಂತು ಪಂಪು ಹಿಡ್ಕೊಂಡಿದೆ ಅಂತ ಕಾಣ್ತದೆ."

ಗೋಣಿ ಹಾಸಿ ಬಸ್ಸಿನ ಅಡಿಗೆ ನುಸುಳಿದೆ. ಪೈಪಿನ ಕ್ಲಿಪ್ಪು ಸಡಿಲಿಸಿದ್ದೇ ತಡ, ಕಪ್ಪು ನೀರು ಮೊಣಕೈವರೆಗೆ ಹರಿದು ಅಂಗಿಯ ಒಳಗೆ ಸೇರಿತು. ಪಂಪನ್ನು ಹೊರಗೆ ತಂದು ಬಿಚ್ಚಿದೆ. ನೀರು ತಳ್ಳುವ ರಬ್ಬರಿನ ಎಸಳುಗಳು ಹರಿದುಹೋಗಿದ್ದವು, ಮೋಟಾರು ಸುಟ್ಟ ವಾಸನೆ ಹೊಡೆಯುತ್ತಿತ್ತು. ಎಸಳುಗಳ ಸಂದಿಯಲ್ಲಿ ಕುಚ್ಚಲಕ್ಕಿಯ ಅಗುಳು, ಸಾಸಿವೆ, ಕರಿಬೇವಿನ ದಂಟು, ಮೀನಿನ ಹುರುಪೆ, ಒಂದು ಹಿಡಿ ಉದ್ದ ಕೂದಲು.

"ಇದರಲ್ಲಿ ಯಾರಾದ್ರೂ ಅಡಿಗೆ ಮಾಡಿದ್ದುಂಟಾ?" ಎಂದು ಕೇಳಿದೆ.

"ಇಲ್ಲಪ್ಪ. ಹಳೆಯ ಯಜಮಾನನದ್ದು ಇರ್ಬೇಕು."

ಆ ಟ್ಯಾಂಕನ್ನು ಉಜ್ಜಿದವನು ನಾನು. ಹಳೆಯ ಯಜಮಾನನ ಅಗುಳು ಅದರಲ್ಲಿ ಉಳಿದಿರಲು ಸಾಧ್ಯವಿರಲಿಲ್ಲ. ಆದರೂ ಇರಬಹುದು ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೆ ಬೇಕಿತ್ತು.

ಅಂಥ ಪಂಪು ಕಾಸರಗೋಡಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಕೊನೆಗೆ ಕಡಲ ಬದಿಯಲ್ಲಿ ದೋಣಿಯ ಸಾಮಾನು ಮಾರುವ ಬ್ಯಾರಿಯವರೊಬ್ಬರ ಅಂಗಡಿಗೆ ಹೋದೆ. ದೋಣಿಯೊಳಗೆ ತುಂಬುವ ನೀರನ್ನು ಹೊರಹಾಕುವ ಪಂಪು ಕೂಡ ಬ್ಯಾಟರಿಯದ್ದೇ.

"ಬಸ್ಸಿಗೆ ದೋಣಿಯ ಪಂಪಾ?" ಎಂದು ಅವರು ನಕ್ಕರು. ನಾನು ಎಲ್ಲ ವಿವರಿಸಿದಾಗ, "ಇದು ನೀರಿಗೆ ಆಗ್ತದೆ, ಅನ್ನಕ್ಕೆ ಆಗುದಿಲ್ಲ. ಬಾಯಿಗೆ ಒಂದು ಜಾಲರಿ ಹಾಕಿ" ಎಂದು ಜಾಲರಿಯನ್ನೂ ಹುಡುಕಿ ಕೊಟ್ಟರು.

ಮರುದಿನ ಮತ್ತೆ ಬಸ್ಸಿನ ಅಡಿಯಲ್ಲಿ ಮಲಗಿದೆ. ಹಳೆಯ ಪಂಪಿನ ತೂತುಗಳಿಗೂ ಹೊಸದಕ್ಕೂ ತಾಳೆಯಾಗಲಿಲ್ಲ, ಒಂದು ಕಬ್ಬಿಣದ ಪಟ್ಟಿಗೆ ತೂತು ಕೊರೆದು ಅದರ ಮೇಲೆ ಕೂರಿಸಿದೆ. ಪೈಪು ಸಣ್ಣದಾಯಿತು, ಬಿಸಿನೀರಿನಲ್ಲಿ ಮುಳುಗಿಸಿ ಮೆತ್ತಗೆ ಮಾಡಿ ಏರಿಸಿದೆ. ವಯರು ಸೇರಿಸುತ್ತಿದ್ದಾಗ ಗೆಳೆಯನ ಹೆಂಡತಿ ಚಹಾ ತಂದಳು. ಅವನು ಮನೆಯೊಳಗೆ ಫೋನಿನಲ್ಲಿದ್ದ.

"ನಿಮಗೆ ಎಷ್ಟು ಕಷ್ಟ ಅಣ್ಣ," ಎಂದಳು. "ಮಡಿಕೇರಿಯಲ್ಲೇ ನೀರು ಮೇಲೆ ಬರ್ಲಿಕ್ಕೆ ಶುರುವಾದದ್ದು. ವಾಪಸ್ ಬರುವಾಗ ಕೂತ್ಕೊಳ್ಳಿಕ್ಕೇ ಆಗ್ಲಿಲ್ಲ. ನೀವು ಬಂದಿದ್ರೆ ಅಲ್ಲೇ ಸರಿ ಮಾಡ್ತಿದ್ರಿ. ಎಷ್ಟು ಕರೆದ್ರೂ ನೀವು ಒಪ್ಪಲಿಲ್ಲ ಅಂತಲ್ಲ?"

ಕೈಯಲ್ಲಿದ್ದ ವಯರನ್ನು ಹಾಗೇ ಹಿಡಿದು ಮಲಗಿದ್ದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಅವಳಿಗೆ ಅದು ಗೊತ್ತಿಲ್ಲ ಎಂಬುದು ಅವಳ ದನಿಯಲ್ಲೇ ತಿಳಿಯುತ್ತಿತ್ತು. "ಚಹಾ ಅಲ್ಲಿಡಮ್ಮ" ಎಂದಷ್ಟೇ ಹೇಳಿದೆ.

ಅವನು ಹೊರಗೆ ಬಂದಾಗ ಅಡಿಯಿಂದಲೇ ಕೇಳಿದೆ, "ಮಡಿಕೇರಿ ಹೇಗಿತ್ತು?"

ನನಗೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಎಂತ ಮಾಡುದು ಮಾರಾಯ," ಎಂದ. "ನೀನು ಮಂಗಳೂರಲ್ಲಿರುವಾಗ ಭಾವಂದಿರು ಬಂದಿದ್ರು. ಬಸ್ಸು ನೋಡಿ ಹೋಗುವ ಹೋಗುವ ಅಂದ್ರು. ಹೇಳಿದ್ರೆ ನಿಂಗೆ ಬೇಸರ ಆಗ್ತದೆ ಅಂತ ಹೇಳ್ಲಿಲ್ಲ."

"ಕರೆದ್ರೂ ಬರಲಿಲ್ಲ ಅಂತ ಹೇಳಿದ್ದು ಎಂತಕ್ಕೆ?"

ಅವನು ಬಗ್ಗಿ ಚಹಾದ ಲೋಟವನ್ನು ನನ್ನ ಕಡೆಗೆ ಸರಿಸಿದ. ನಾನು ಎದ್ದು ಹೋಗಬಹುದಿತ್ತು. ಆದರೆ ಬಿಚ್ಚಿದ ಪಂಪನ್ನು ಹಾಗೇ ಬಿಟ್ಟು ಹೋಗುವುದು ನನ್ನ ಕೈಗೆ ಅಭ್ಯಾಸವಿಲ್ಲ. ವಯರು ಸೇರಿಸಿ, ಫ್ಯೂಸು ಹಾಕಿ, ಸಿಂಕಿಗೆ ಕೊಡಪಾನದಿಂದ ನೀರು ಸುರಿದೆ. ಸ್ವಿಚ್ಚು ಒತ್ತಿದಾಗ ನೀರು ಹಿತ್ತಿಲಿನ ತೆಂಗಿನ ಬುಡಕ್ಕೆ ಚಿಮ್ಮಿತು. ಅವನು ಸಂತೋಷದಿಂದ ನನ್ನ ಬೆನ್ನು ತಟ್ಟಿದ. ಬೆನ್ನು ಒದ್ದೆಯಾಗಿತ್ತು. ಮನೆಗೆ ಬಂದು ಮಿಂದು, ಊಟ ಬೇಡವೆಂದು ಮಲಗಿಬಿಟ್ಟೆ.

ಕೆಲವು ತಿಂಗಳು ನಾನು ಆ ಕಡೆ ಸುಳಿಯಲಿಲ್ಲ. ಒಂದು ದಿನ ಅವನೇ ನಮ್ಮ ಮನೆಗೆ ಬಂದ. "ಆದದ್ದು ಆಯ್ತು. ಈಗ ನಾವಿಬ್ರೇ ಹೋಗುವ. ಮೊದಲು ಹೇಳಿದ ಹಾಗೆಯೇ" ಎಂದ. ಅವನು ಹೋದ ಮೇಲೆ ನನ್ನ ಹೆಂಡತಿ, "ಒಂದು ಸುಳ್ಳಿಗಾಗಿ ಇಷ್ಟು ಕಾಲದ್ದನ್ನೆಲ್ಲ ಬಿಡ್ತೀರಾ? ಹೋಗಿ ಬನ್ನಿ" ಎಂದು ಬ್ಯಾಗು ತುಂಬಿಸಿದಳು. ನನಗೂ ಅಷ್ಟೇ ಬೇಕಿತ್ತೋ ಏನೋ.

ಬೆಳಿಗ್ಗೆ ಹೊರಟೆವು. ಎಡನೀರು ದಾಟುವಾಗ ಅವನು ಶಾಲೆಯ ಮಾಸ್ತರೊಬ್ಬರು ಮೂಗಿನಲ್ಲಿ ಮಾತಾಡುವುದನ್ನು ಅನುಕರಿಸಿದ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಬದಿಯಡ್ಕದ ಆಚೆ ರಸ್ತೆ ಹೊಂಡಮಯವಾಗಿ ಪಾತ್ರೆಗಳೆಲ್ಲ ಗಲಗಲ ಎನ್ನುತ್ತಿದ್ದವು. ಮನಸ್ಸು ಹಗುರಾಗಿತ್ತು, ಸುಳ್ಳು ಹೇಳುವುದಿಲ್ಲ.

ಪೆರ್ಲದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ನಾನು ಕೈ ತೊಳೆದು ಬರುವಾಗ ಅವನು ಬಸ್ಸಿಗೆ ಒರಗಿ, ಆಚೆ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದ.

"ಹೌದು ಭಾವ, ಪೆರ್ಲ ಮುಟ್ಟಿದೆ. ನೀವೆಲ್ಲ ಪುತ್ತೂರಲ್ಲಿ ರೆಡಿಯಾಗಿ ನಿಲ್ಲಿ. ಹೋದ ಸಲದ ಹಾಗೆ ಹೆದರಿಕೆ ಇಲ್ಲ. ಈ ಸಲ ಮೆಕ್ಯಾನಿಕ್ಕನ್ನೇ ಕರ್ಕೊಂಡು ಬಂದಿದ್ದೇನೆ."

ಮೊದಲ ಸುಳ್ಳಿನ ದಿನ ಸಿಟ್ಟು ಬಂದಿತ್ತು. ಈಗ ಸಿಟ್ಟು ಕೂಡ ಬರಲಿಲ್ಲ. ಬಿಸಿಲಿಗೆ ನಿಂತು ನನಗಾಗಿ ಕಾಯುತ್ತಿದ್ದವನು ಇವನೇ ಹೌದೇ ಎಂದು ಅವನ ಬೆನ್ನನ್ನೇ ನೋಡುತ್ತ ನಿಂತೆ. ಮೆಟ್ಟಿಲು ಹತ್ತಿ ನನ್ನ ಬ್ಯಾಗನ್ನು ತೆಗೆದುಕೊಂಡು ಇಳಿದೆ.

"ಎಲ್ಲಿಗೆ?" ಎಂದ.

"ಮನೆಗೆ. ಪುತ್ತೂರಿನಿಂದ ಜನ ಹತ್ತುತ್ತಾರಲ್ಲ, ನನ್ನ ಜಾಗದಲ್ಲಿ ಅವರು ಆರಾಮಾಗಿ ಕೂತ್ಕೊಳ್ಳಲಿ."

ಕೇಳಿಸಿಕೊಂಡಿದ್ದೇನೆಂದು ಅವನಿಗೆ ತಿಳಿಯಿತು. ಮುಖ ಕೆಂಪಾಯಿತು. ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಇಷ್ಟೇ, "ಮತ್ತೆ ದಾರಿಯಲ್ಲಿ ಪಂಪು ನಿಂತ್ರೆ?"

"ಮೊದಲು ಫ್ಯೂಸು ನೋಡು. ಅದು ಸರಿ ಇದ್ರೆ ಜಾಲರಿ ತೆಗೆದು ತೊಳಿ," ಎಂದು ಹೇಳಿ ಕಾಸರಗೋಡಿನ ಬಸ್ಸು ಹತ್ತಿದೆ.

ಆಮೇಲೆ ಅವನು ಪೇಟೆಯಲ್ಲೆಲ್ಲ ನನಗೆ ತಲೆಸುತ್ತು ಬಂದು ಇಳಿದುಹೋದದ್ದೆಂದು ಹೇಳಿದನಂತೆ. ನಾನು ತಿದ್ದಲು ಹೋಗಲಿಲ್ಲ. ಎದುರು ಸಿಕ್ಕಿದರೆ "ಹೇಗುಂಟು?" ಎನ್ನುತ್ತಾನೆ, ನಾನು "ಉಂಟು" ಎನ್ನುತ್ತೇನೆ. ಆ ಮಳೆಗಾಲ ಅವನ ಹೆಂಡತಿ ಒಬ್ಬಳೇ ನಮ್ಮ ಮನೆಗೆ ಬಂದಿದ್ದಳು. ನನ್ನ ಹೆಂಡತಿಯ ಜೊತೆ ಅಡಿಗೆಮನೆಯಲ್ಲಿ ತುಂಬ ಹೊತ್ತು ಕೂತಿದ್ದು, ಹೊರಡುವಾಗ ಜಗಲಿಯಲ್ಲಿ ನನ್ನೆದುರು ನಿಂತಳು.

"ನೀವು ಬರುದಿಲ್ಲ ಹೇಳಿದ್ದು ಅಂತ ನಾನು ನಿಜವಾಗಿ ನಂಬಿದ್ದೆ ಅಣ್ಣ," ಎಂದಳು.

"ಗೊತ್ತುಂಟಮ್ಮ," ಎಂದೆ. ಅವಳು ಕೊಡೆ ಬಿಡಿಸಿ ಹೋದಳು. ಅವನು ಮಾತ್ರ ಈವರೆಗೆ ಆ ಮಾತನ್ನು ಎತ್ತಿಲ್ಲ.