ಜಮುನಾ ಮುಟ್ಟದ ಚಿನ್ನ

ಕರಿಮಣಿಯ ದಾರ ಸವೆದದ್ದು ಮೊದಲೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಕೂತಾಗ ಕಪ್ಪು ಮಣಿಗಳು ಸದ್ದಿಲ್ಲದೆ ಮಡಿಲಿಗೆ ಉದುರುತ್ತವೆ, ಅಷ್ಟೆ. ಹರಿಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಹಾಗೆಯೇ ಅಂದುಕೊಂಡು, ಕೊರಳಿಗೆ ಅರಿಶಿನದ ದಾರ ಕಟ್ಟಿಕೊಂಡು, ಚಿನ್ನದ ಗುಂಡೇನಾದರೂ ಜಾರಿತೋ ಎಂದು ಮಂಚದ ಕೆಳಗೆಲ್ಲ ತಡಕಾಡಿದೆ.

ನಿಮ್ಮೆದುರು ಮುಚ್ಚುಮರೆ ಯಾಕೆ, ನಾನು ಹುಟ್ಟಾ ಅನುಮಾನದವಳು. ಹಾಲಿಗೆ ಬೆರಳದ್ದಿ ನೋಡುವವಳು, ಬೀಗ ಜಗ್ಗಿ ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಮತ್ತೆ ತಿರುಗಿ ಬಂದು ಜಗ್ಗುವವಳು. ಮದುವೆಯಾದ ಹೊಸದರಲ್ಲಿ ನಮ್ಮನೆಯವರು ಇದಕ್ಕೆ ನಗುತ್ತಿದ್ದರು. ಈಗ ನಗುವುದಿಲ್ಲ, ನಾನು ಕೇಳುವ ಮೊದಲೇ ಕಿಸೆ ತೋರಿಸಿಬಿಡುತ್ತಾರೆ.

ಮಣಿ ಪೋಣಿಸಲು ನಾನು ಹೋಗುವುದು ಕೋಣಂದೂರು ಸಂತೆಗೆ, ಜಮುನಾಳ ಹತ್ತಿರ. ಹಕ್ಕಿಪಿಕ್ಕಿ ಜನಾಂಗದ ಈ ಹೆಂಗಸು ಬಟ್ಟೆಯಂಗಡಿಯೊಂದರ ಜಗಲಿಯ ಮೇಲೆ ಕೂತು, ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಬಿಗಿದು, ಮೇಣ ತೀಡಿ, ಸೂಜಿಯನ್ನು ಬಟ್ಟಲಲ್ಲಿ ಆಡಿಸಿದರೆ ಮಣಿಗಳು ತಾವೇ ಹತ್ತಿಕೊಳ್ಳುತ್ತವೆ. ಬಿಡುವಾದಾಗ ಸಾಸಿವೆಯಷ್ಟೇ ಸಣ್ಣ ಕೆಂಪು ಹಳದಿ ಮಣಿಗಳಲ್ಲಿ ಕೊರಳಪಟ್ಟಿ ಹೆಣೆದು ಮಾರುತ್ತಾಳೆ. "ಇದು ನೀನೇ ಮಾಡಿದ್ದಾ, ಪೇಟೆಯಿಂದ ತಂದಿದ್ದಾ?" ಎಂದು ಸಂತೆಗೆ ಬಂದವರೆಲ್ಲ ಕೇಳುವವರೇ, ನಾನೂ ಕೇಳಿದವಳೇ. ಅದಕ್ಕೇ ಅವಳ ಪಕ್ಕದಲ್ಲಿ ಅರ್ಧ ಹೆಣೆದ ಪಟ್ಟಿಯೊಂದು ಸದಾ ಇರುತ್ತದೆ. ಕೇಳಿದವರ ಎದುರೇ ಒಂದಿಷ್ಟು ಹೆಣೆದು ತೋರಿಸುತ್ತಾಳೆ.

ಅವಳದೊಂದು ಪದ್ಧತಿಯಿದೆ, ಅವಳ ತಾಯಿಯಿಂದ ಬಂದದ್ದು. ಕರಿಮಣಿ, ಹವಳ ಎಲ್ಲ ಅವಳೇ ಪೋಣಿಸುತ್ತಾಳೆ, ಚಿನ್ನವನ್ನು ಮಾತ್ರ ಮುಟ್ಟುವುದಿಲ್ಲ. ಗುಂಡಿನ ಸರದಿ ಬಂದೊಡನೆ ಸೂಜಿಯನ್ನು ನಮ್ಮತ್ತ ಚಾಚಿ, "ಇದನ್ನ ನೀವೇ ಏರ್ಸಿ ಅಕ್ಕ" ಎನ್ನುತ್ತಾಳೆ. ಇಷ್ಟೊಂದು ಎಚ್ಚರ ಯಾಕಪ್ಪ ಇವಳಿಗೆ ಎಂದು ನಾನು ಅದಕ್ಕೂ ಗುಮಾನಿಪಟ್ಟದ್ದುಂಟು. ಅನುಮಾನದ ಹೊಟ್ಟೆಗೆ ಇದೇ ಬೇಕು ಅದೇ ಬೇಕು ಎಂಬ ಚೌಕಾಸಿಯಿಲ್ಲ ನೋಡಿ. ಮುಟ್ಟಿದರೆ ಕದ್ದಾಳು ಎನ್ನುತ್ತದೆ, ಮುಟ್ಟದಿದ್ದರೆ ಯಾಕೆ ಮುಟ್ಟಳು ಎನ್ನುತ್ತದೆ.

ಈ ಸಲ ಹೋದಾಗ ಜಮುನಾ ಮಣಿಗಳ ಗಂಟು ಬಿಚ್ಚದೆ ಕೂತಿದ್ದಳು. ಏನಾಯಿತು ಎಂದೆ.

"ಇವತ್ತೇ ಕಡೆ ಅಕ್ಕ. ಅಂಗಡಿಯೋರು ಜಗಲಿ ಬಿಡು ಅಂದಾರೆ."

ಹಿಂದಿನ ಸಂತೆಯಲ್ಲಿ ಹಳೆಯ ಗಿರಾಕಿಯೊಬ್ಬರು ಬಂದಿದ್ದರಂತೆ. ಬಸ್ಸಿನ ಗಡಿಬಿಡಿ, ಗುಂಡು ನೀನೇ ಹಾಕು ಎಂದು ಬಿಟ್ಟು ತರಕಾರಿಗೆ ಹೋದರಂತೆ. ಇವಳು ಬೇಡವೆಂದರೂ ಕೇಳಲಿಲ್ಲ. ಇಷ್ಟು ವರ್ಷದ ಬಳಕೆ, ಮತ್ತೂ ಒಲ್ಲೆ ಎಂದರೆ ಅವರಿಗೆ ಬೇಜಾರಾದೀತು ಎಂದು ಮೊದಲ ಬಾರಿಗೆ ಚಿನ್ನ ಮುಟ್ಟಿದಳು. ಮಾರನೆಯ ದಿನ ಅವರು ಬಂದು, ಒಂದು ಗುಂಡು ಕಡಿಮೆಯಿದೆ ಎಂದು ಅಂಗಡಿಯ ಮುಂದೆ ಕೂಗಾಡಿದರು.

ಇದನ್ನು ಕೇಳುತ್ತಿದ್ದಂತೆ ನನ್ನ ಕೈ ಮೊದಲು ಹೋದದ್ದು ನನ್ನ ಪರ್ಸಿಗೆ. ಕೈಯನ್ನು ಅಲ್ಲಿಂದ ತೆಗೆಯುವಷ್ಟರಲ್ಲಿ ಅವಳು ನೋಡಿಯಾಗಿತ್ತು. ನನಗೆ ನಾಚಿಕೆಯಾಯಿತು. ಆ ಗುಂಡು ದಾರಿಯಲ್ಲಿ ಬಿತ್ತೋ, ತರುವಾಗಲೇ ಕಡಿಮೆಯಿತ್ತೋ, ಇವಳೇ ತೆಗೆದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಈ ಜಗಲಿ ಹೋದರೆ ಅವಳ ಕಸುಬೇ ಹೋಯಿತು. ರಸ್ತೆಬದಿಯಲ್ಲಿ ಗುರುತಿಲ್ಲದ ಹೆಂಗಸಿನ ಮುಂದೆ ಯಾರು ತಾನೆ ತಾಳಿಸರ ಬಿಚ್ಚಿಡುತ್ತಾರೆ?

ಅಂಗಡಿಯವರನ್ನು ಕೇಳಿದೆ. "ಗಿರಾಕಿ ಮಾತು ತೆಗೆದ್ ಹಾಕಕ್ಕೆ ಆಗುತ್ತೇನ್ರೀ?" ಎಂದು ಅವರು ಸೀರೆ ಮಡಚತೊಡಗಿದರು.

ನನಗೆ ರೋಷ ಬಂತು. ಜಮುನಾಳ ಎದುರು ಕೂತು, ಪರ್ಸು ಬಿಚ್ಚಿ, ಮಣಿಗಳನ್ನೂ ಗುಂಡುಗಳನ್ನೂ ಒಟ್ಟಿಗೆ ಅವಳ ಮುಂದೆ ಹಾಸಿದ್ದ ಬಟ್ಟೆಯ ಮೇಲೆ ಸುರಿದೆ. ಅಂಗಡಿಯವರಿಗೆ ಕೇಳಲಿ ಎಂದೇ ದನಿಯೇರಿಸಿ ಹೇಳಿದೆ: "ಚಿನ್ನಾನೂ ನೀನೇ ಹಾಕು ಜಮುನಾ. ನಂಗೆ ನಿನ್ ಮೇಲೆ ನಂಬಿಕೆ ಇದೆ."

ಜೀವಮಾನದಲ್ಲಿ ಆ ಮಾತನ್ನು ನಾನು ಆಡಿದ್ದು ಕಡಿಮೆ. ಅವಳ ಮುಖ ಅರಳೀತು ಎಂದು ಕಾದೆ.

ಅವಳು ಹಿಂದಕ್ಕೆ ಸರಿದಳು. ನನ್ನ ಮುಖ, ನನ್ನ ಪರ್ಸು, ಬಟ್ಟೆಯ ಮೇಲಿನ ಗುಂಡುಗಳನ್ನು ಒಂದೊಂದಾಗಿ ನೋಡಿ, ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಅವ್ರೂ ಹಿಂಗೇ ಅಂದಿದ್ರು ಅಕ್ಕ."