ಪೊರೆಯಲ್ಲ, ರೆಪ್ಪೆ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಜೊಂಪಕ್ಕ ಎಂದೇ ಹೆಸರು. ಎದುರಿಗಲ್ಲ, ಬೆನ್ನ ಹಿಂದೆ. ಚಿಕ್ಕಂದಿನಿಂದಲೂ ಅವಳ ರೆಪ್ಪೆ ಸ್ವಲ್ಪ ಭಾರ. ಐವತ್ತು ದಾಟಿದ ಮೇಲಂತೂ ಮೇಲಿನ ಚರ್ಮ ಜೋತುಬಿದ್ದು, ಈಕೆ ಈಗಷ್ಟೇ ಎದ್ದಳೋ ಇಲ್ಲ ಇನ್ನೇನು ಮಲಗುತ್ತಾಳೋ ಎಂದು ನೋಡಿದವರಿಗೆ ಅನುಮಾನ. ಆದರೆ ಕಲಿಯುವವರ ಪಕ್ಕದ ಸೀಟಿನಲ್ಲಿ, ತನ್ನ ಕಾಲ ಕೆಳಗಿನ ಬ್ರೇಕಿನ ಮೇಲೆ ಪಾದವಿಟ್ಟು ಕೂತಳೆಂದರೆ ಅವಳಿಗೆ ಮೈಯೆಲ್ಲಾ ಕಣ್ಣು. ಹಿಂದಿನ ಸೈಕಲ್ಲು, ಪಕ್ಕದ ಗಲ್ಲಿಯಿಂದ ನುಗ್ಗುವ ನಾಯಿ, ನಿಂತ ಕಾರಿನ ಬಾಗಿಲು ತೆರೆಯುವ ಕೈ, ಒಂದೂ ತಪ್ಪುತ್ತಿರಲಿಲ್ಲ. ಕಲಿಯಲು ಬಂದವರಿಗೆ ಅದು ಗೊತ್ತಾಗಬೇಕಲ್ಲ! ಒಮ್ಮೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿ, "ಮೇಡಂ, ನೀವು ನಿದ್ದೆ ಮಾಡೋದಾದ್ರೆ ನಾನು ಇಳಿದು ನಡ್ಕೊಂಡೇ ಹೋಗ್ತೀನಿ" ಎಂದು ಅತ್ತೇಬಿಟ್ಟಿದ್ದಳು.

ಡಾಕ್ಟರು ಅವಳ ಕಣ್ಣು ನೋಡಿ, "ದೃಷ್ಟಿಗೇನೂ ತೊಂದರೆ ಇಲ್ಲ. ಜಾಸ್ತಿ ಇರೋ ಚರ್ಮ ತೆಗೆದ್ರೆ ನೋಡೋಕೆ ಚೆನ್ನಾಗಿರುತ್ತೆ, ಅಷ್ಟೇ" ಎಂದರು. ಅವಳಿಗೆ ಬೇಕಾದದ್ದೂ ಅಷ್ಟೇ. ಕೆಲಸಕ್ಕಾಗಿ ಮಾಡಿಸಿಕೊಂಡಳು ಎಂದರೆ ಅರ್ಧ ನಿಜ. ಕನ್ನಡಿಯಲ್ಲಿ ತನ್ನ ಅರೆಮುಚ್ಚಿದ ಮುಖ ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಚೆಂದ ಕಾಣಬೇಕು ಎನಿಸಿತ್ತು. ಅದರಲ್ಲೇನು ತಪ್ಪು ಹೇಳಿ? ಲಾರಿ ಓಡಿಸುವ ಗಂಡ ದೂರದ ಯಾವುದೋ ದಾರಿಯಿಂದ ಫೋನಿನಲ್ಲಿ, "ನಿನ್ನ ಕಣ್ಣು, ನಿನ್ನಿಷ್ಟ. ನಂಗಂತೂ ಮೊದಲಿಂದ್ಲೂ ಚೆನ್ನಾಗೇ ಕಾಣ್ತೀಯ" ಎಂದ.

ಅವಳಿಗೆ ಹೆದರಿಕೆ ಇದ್ದದ್ದು ಅಕ್ಕನದು. ಅಕ್ಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಯಾರಾದರೂ ಕೂದಲಿಗೆ ಬಣ್ಣ ಹಚ್ಚಿದರೂ ಸಾಕು, "ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?" ಎಂದು ಮುಖಕ್ಕೆ ಹೊಡೆದಂತೆ ಕೇಳುವವಳು. ಆಪರೇಷನ್ನಿನ ಹಿಂದಿನ ದಿನ ಜೊಂಪಕ್ಕ ಧೈರ್ಯ ತಂದುಕೊಂಡು ಅಕ್ಕನಿಗೆ ಫೋನು ಮಾಡಿದಳು. ಫೋನೋ, ಗೊರಗೊರ ಸದ್ದು.

"ಅಕ್ಕಾ, ರೆಪ್ಪೆ ಆಪರೇಷನ್ ಇದೆ ಕಣೇ."

"ಏನು, ಪೊರೆನಾ? ಅಯ್ಯೋ, ಅದಕ್ಯಾಕೆ ಹೆದರ್ತೀಯ? ನಂಗೂ ಪೊರೆ ತೆಗೀಲಿಲ್ವಾ! ನಾಳೇನೇ ಬರ್ತೀನಿ."

ಜೊಂಪಕ್ಕ ತಿದ್ದಬಹುದಿತ್ತು. ತಿದ್ದಲಿಲ್ಲ. "ಹೂಂ" ಎಂದಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಮರುದಿನ ಜೊಂಪಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಅಕ್ಕ ತನ್ನ ಪೊರೆಯ ಕಾಲದ ಹಳೆಯ ಕಪ್ಪು ಕನ್ನಡಕದೊಂದಿಗೆ ಬಂದಿಳಿದಳು. ಬಂದವಳೇ ಇಡೀ ಕಟ್ಟಡಕ್ಕೆ ತಂಗಿಯ ಪೊರೆಯ ಸುದ್ದಿಯನ್ನು ಡಂಗುರ ಸಾರಿದಳು. ಅಕ್ಕ ಕೊಟ್ಟ ಆ ಕನ್ನಡಕವನ್ನು ಜೊಂಪಕ್ಕ ಮಲಗುವಾಗಲೂ ತೆಗೆಯಲಿಲ್ಲ. ಕನ್ನಡಕದ ಕೆಳಗೆ ಇಣುಕುತ್ತಿದ್ದ ನೀಲಿಗಟ್ಟಿದ ಊತ ಕಂಡು ಅಕ್ಕ, "ನಂಗೆ ಹೀಗೆಲ್ಲ ಊದಿರ್ಲಿಲ್ವಲ್ಲೇ?" ಎಂದಳು.

"ನಂದು ಗಟ್ಟಿ ಪೊರೆಯಂತೆ."

ಒಂದು ಸುಳ್ಳಿಗೆ ಹತ್ತು ಸುಳ್ಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸಂಕಟ ಶುರುವಾದದ್ದು ಸ್ನಾನದ ವಿಷಯಕ್ಕೆ. ಆಸ್ಪತ್ರೆಯಿಂದ ಬಿಡುವಾಗ ನರ್ಸು ಬಿಡಿಸಿ ಹೇಳಿದ್ದಳು: "ನಾಳಿದ್ದಿಂದ ಕುತ್ತಿಗೆ ಕೆಳಗೆ ಉಗುರುಬೆಚ್ಚಗಿನ ನೀರು ಹಾಕ್ಕೊಳ್ಳಿ. ಸುಡೋ ನೀರು, ಹಬೆ ಬೇಡ. ಮುಖಕ್ಕೆ ನೀರು ಎರಚ್ಕೋಬೇಡಿ, ರೆಪ್ಪೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸ್ಕೊಳ್ಳಿ. ಬಗ್ಗಲೇಬೇಡಿ. ತಲೆ ತೊಳೆಯೋದಿದ್ರೆ ಹಿಂದಕ್ಕೆ ಒರಗಿ ಕೂತು ಬೇರೆಯವರ ಕೈಲಿ ತೊಳಿಸ್ಕೊಳ್ಳಿ. ಒಳಗಿಂದ ಚಿಲಕ ಹಾಕ್ಕೋಬೇಡಿ." ಅಕ್ಕನದೋ ಬೇರೆಯದೇ ಕಾನೂನು. "ಪೊರೆ ಅಂದ್ರೆ ಆಟ ಅಲ್ಲ. ನಾನು ಹೇಳೋವರೆಗೂ ಸ್ನಾನದ ಮಾತೆತ್ತಬೇಡ."

ಬೆವರು, ಮುಲಾಮು ಎಲ್ಲ ಸೇರಿ ತಲೆ ಅಂಟಂಟಾಗಿ ಜೊಂಪಕ್ಕನಿಗೆ ತನ್ನ ಮೈ ತನಗೇ ಬೇಡವಾಯಿತು. ತಲೆ ತೊಳೆಸಿಕೊಳ್ಳಬೇಕೆಂದರೆ ಕನ್ನಡಕ ತೆಗೆಯಬೇಕು. ತೊಳೆಯುವವರ ಮುಖ ಗೇಣು ದೂರದಲ್ಲಿರುತ್ತದೆ. ಹೊಲಿಗೆ ಎಲ್ಲಿದೆ ಎಂದು ಅಕ್ಕ ನೋಡದೆ ಬಿಡುವಳೇ? ಹಾಗಾಗಿ ಅಕ್ಕ ತರಕಾರಿಗೆಂದು ಹೊರಟದ್ದೇ ತಡ, ಇವಳು ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡಳು. ಬೇಡವೆಂದದ್ದನ್ನೆಲ್ಲ ಒಂದೂ ಬಿಡದೆ ಮಾಡಿದಳು ಪುಣ್ಯಾತ್ಗಿತ್ತಿ. ಕುದಿಯುವಷ್ಟು ಬಿಸಿ ನೀರು ಬಿಟ್ಟುಕೊಂಡಳು. ಹಬೆ ತುಂಬಿತು. ಮುಲಾಮು ಕರಗಿ ಕಣ್ಣು ಮಂಜಾಯಿತು. ಸೋಪು ಕೈಜಾರಿ ಬಿತ್ತು, ಬಗ್ಗಿದಳು. ಬಗ್ಗಿದೊಡನೆ ರಕ್ತವೆಲ್ಲ ಮುಖಕ್ಕೆ ನುಗ್ಗಿದಂತಾಗಿ ರೆಪ್ಪೆ ದಪದಪ ಬಡಿದುಕೊಂಡಿತು. ಬಕೆಟ್ಟಿನ ನೀರಿನಲ್ಲಿ ಒಂದು ಕೆಂಪು ಹನಿ ಬಿತ್ತು. ಅವಳು ಗೋಡೆ ಹಿಡಿದು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಆಸೆಪಟ್ಟು ಮಾಡಿಸಿಕೊಂಡದ್ದನ್ನು ತನ್ನ ಕೈಯಾರೆ ಹಾಳು ಮಾಡಿಕೊಂಡೆನಲ್ಲ ಎಂದು ನರಳಿದಳು.

ಅಷ್ಟರಲ್ಲಿ ಅಕ್ಕ ಬಂದಳು. ಬಚ್ಚಲ ಬಾಗಿಲು ಬಡಿದಳು. ಒಳಗಿನಿಂದ ನರಳಾಟ ಕೇಳಿ ಆಸ್ಪತ್ರೆಗೆ ಫೋನು ಹಚ್ಚಿ, ಕಟ್ಟಡಕ್ಕೆಲ್ಲ ಕೇಳುವಂತೆ ಕೂಗತೊಡಗಿದಳು: "ಪೊರೆ ತೆಗೆಸ್ಕೊಂಡವಳು ರೀ! ಪೊರೆಯವರ ಪಟ್ಟೀಲಿ ಹೆಸರೇ ಇಲ್ಲ ಅಂದ್ರೆ ಹೇಗೆ? ಸರಿಯಾಗಿ ನೋಡಿ! ಪೊರೆ! ಪೊರೆ!"

ಇನ್ನು ಸುಮ್ಮನಿದ್ದರೆ ಕಣ್ಣಿಗೇ ಅಪಾಯ. ಜೊಂಪಕ್ಕ ಟವೆಲ್ಲು ಸುತ್ತಿಕೊಂಡು ಚಿಲಕ ತೆಗೆದಳು.

"ಪೊರೆ ಅಲ್ಲಕ್ಕಾ. ರೆಪ್ಪೆ. ಚೆಂದಕ್ಕೆ ಅಂತ ಮಾಡಿಸ್ಕೊಂಡೆ."

ಅಕ್ಕ ಹತ್ತಿರ ಬಂದು ರೆಪ್ಪೆಯ ಹೊಲಿಗೆಯನ್ನು ನೋಡಿದಳು. ಆಮೇಲೆ ಫೋನಿಗೆ, "ರೆಪ್ಪೆಯಂತೆ" ಎಂದಳು, ಅಷ್ಟೇ. ರಕ್ತ ನಿಂತಿದೆಯಾ, ದೃಷ್ಟಿ ಸರಿ ಇದೆಯಾ, ನೋವು ಏರುತ್ತಿದೆಯಾ ಎಂದೆಲ್ಲ ನರ್ಸು ವಿಚಾರಿಸಿ, ತಲೆ ಎತ್ತರಕ್ಕಿಟ್ಟು ಒರಗಿ ಕೂರಿ, ತಣ್ಣನೆಯ ಬಟ್ಟೆಯನ್ನು ಒತ್ತದೆ ಇಡಿ, ಸಂಜೆ ಬಂದು ತೋರಿಸಿ ಎಂದಳು. ಸಂಜೆ ಡಾಕ್ಟರು ನೋಡಿ, ಹೊಲಿಗೆ ಬಿಚ್ಚಿಲ್ಲ, ನಿಮ್ಮ ಅದೃಷ್ಟ ಎಂದು ಗದರಿ ಕಳಿಸಿದರು. ಹೋಗುವಾಗಲೂ ಬರುವಾಗಲೂ ಅಕ್ಕ ತುಟಿ ಬಿಚ್ಚಲಿಲ್ಲ. ಆ ಬಾಯಿಗೆ ಬ್ರೇಕು ಬಿದ್ದದ್ದನ್ನು ಜೊಂಪಕ್ಕ ಅದುವರೆಗೆ ಕಂಡಿರಲಿಲ್ಲ. ನಾಲ್ಕು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಗ್ಗೆ ಅಕ್ಕ ಹಿಂಬದಿಯ ನಲ್ಲಿಯ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ಬಚ್ಚಲಲ್ಲಿ ಕುರ್ಚಿ ಹಿಡಿಸುತ್ತಿರಲಿಲ್ಲ. "ಬಾ, ಕೂತ್ಕೋ" ಎಂದು ಕನ್ನಡಕ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಣೆಯ ಮೇಲೆ ಮಡಿಸಿದ ಟವೆಲ್ಲು ಅಡ್ಡ ಇಟ್ಟಳು. ನೀರನ್ನು ಮೊದಲು ತನ್ನ ಮೊಣಕೈಗೆ ಹಾಕಿಕೊಂಡು ಬಿಸಿ ನೋಡಿದಳು.

"ಹಿಂದೆ... ಇನ್ನೂ ಹಿಂದೆ... ಹಾಂ, ನಿಲ್ಸು."

"ರಿವರ್ಸು ನಂಗೇ ಕಲಿಸ್ತೀಯಾ?"

"ಬಾಯಿ ಮುಚ್ಕೋ. ಕಣ್ಣೂ ಮುಚ್ಕೋ."

ಚೆಂಬಿನ ನೀರು ಕೂದಲಂಚಿನಿಂದ ಹಿಂದಕ್ಕೆ ಹರಿಯಿತು. ಒಂದು ಹನಿಯೂ ಮುಖಕ್ಕೆ ಬರಲಿಲ್ಲ. ಅಕ್ಕನ ಬೆರಳು ಇಷ್ಟು ಮೃದು ಎಂದು ಜೊಂಪಕ್ಕನಿಗೆ ಗೊತ್ತಿರಲಿಲ್ಲ. ಹಾಯೆನಿಸಿತು.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?" ಅಕ್ಕ ಕೊನೆಗೂ ಕೇಳಿದಳು.

"ನಗ್ತೀಯ ಅಂತ. ಬೇರೆ ಯಾರು ನಕ್ಕರೂ ತಡ್ಕೋತಿದ್ದೆ ಅಕ್ಕಾ. ನೀನು ನಕ್ಕರೆ ಆಗ್ತಿರ್ಲಿಲ್ಲ."

ಅಕ್ಕನ ಕೈ ನಿಂತಿತು. ಮತ್ತೆರಡು ಚೆಂಬು ನೀರು ಸುರಿದು, ಕೂದಲು ಹಿಂಡಿ, ಟವೆಲ್ಲು ಕಟ್ಟಿದಳು. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಬಟ್ಟೆ ಹರವಲು ಬಂದವಳು ಬಾಯಿಯ ಮೇಲೆ ಕೈಯಿಟ್ಟಳು.

"ಇದೇನ್ರೀ ಟೀಚರ್! ಪೊರೆ ಆದವರ ತಲೆಗೆ ನೀರು ಹಾಕ್ತಿದ್ದೀರಲ್ಲಾ?"

ಜೊಂಪಕ್ಕನ ಕೈ ಕನ್ನಡಕಕ್ಕಾಗಿ ತಡಕಾಡಿತು. ಅಕ್ಕ ಆ ಕೈಯನ್ನು ಹಿಡಿದು ತೊಡೆಯ ಮೇಲಿಟ್ಟಳು.

"ಪೊರೆ ಅಲ್ಲ ಕಣ್ರೀ, ರೆಪ್ಪೆ. ಚೆನ್ನಾಗಿ ಕಾಣ್ಬೇಕು ಅಂತ ಆಸೆ ಇತ್ತು, ಮಾಡಿಸ್ಕೊಂಡಿದ್ದಾಳೆ. ಊತ ಇನ್ನೂ ಇಳೀಬೇಕು. ಆದ್ರೂ ಬನ್ನಿ, ನೋಡಿ."

ಪಕ್ಕದ ಮನೆಯಾಕೆ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಹತ್ತಿರ ಬಂದಳು.

"ಕಣ್ಣು ಬಿಡೇ" ಎಂದಳು ಅಕ್ಕ.

ಜೊಂಪಕ್ಕ ಬಿಟ್ಟಳು.