ಕಡಬದಿಂದ ಸುಳ್ಯಕ್ಕೆ, ಬಿದ್ದದ್ದು ಎಂಬ ಮಾತಿನ ಜೊತೆ

ನಮ್ಮ ಕಡೆಯ ಟ್ರಾನ್ಸ್‌ಜೆಂಡರ್ ಜನರಿಗೆ ಚಿಕಿತ್ಸೆ ಸಿಗದಿರುವುದಕ್ಕೆ ಆಸ್ಪತ್ರೆ ದೂರ ಇರುವುದೇ ಕಾರಣ ಎನ್ನುತ್ತಾರೆ. ಹೊಡೆಯುವವರು ದಾರಿಹೋಕರು, ಮನೆಯವರು ಹೊರಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ ಎಂದೂ ಹೇಳುತ್ತಾರೆ. ಚರ್ಚಾಸ್ಪರ್ಧೆಗಳಲ್ಲಿ ಈ ಮಾತುಗಳಿಗೆ ಚಪ್ಪಾಳೆ ಖಚಿತ. ನನಗೆ ಇವುಗಳ ಮೇಲೆ ಅನುಮಾನವಿತ್ತು, ಆದರೆ ಕೈಯಲ್ಲಿ ಉದಾಹರಣೆ ಇರಲಿಲ್ಲ. ಅದು ಸಿಕ್ಕಿದ್ದು ಮೇ ತಿಂಗಳ ಒಂದು ಶನಿವಾರ.

ಬೆಳಿಗ್ಗೆ ಪುತ್ತೂರಿನಲ್ಲಿ ಕಡಬದ ಬಸ್ಸು ಹತ್ತಿದೆ. ಮೋಡ ಕಟ್ಟಿತ್ತು, ಮಳೆ ಬೀಳಲಿಲ್ಲ. ಸೆಕೆಗೆ ಕಿಟಕಿಯ ಗಾಳಿಯೂ ಬಿಸಿಯಾಗಿತ್ತು. ಚೈತ್ರಾ ಪುತ್ತೂರಿನಲ್ಲಿದ್ದಾಗ ನಮ್ಮ ಮನೆಯ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವಳು. ಹೆಣ್ಣಾಗಿ ಬದುಕಲು ಶುರುಮಾಡಿ ಹತ್ತು ವರ್ಷ ದಾಟಿದೆ. ಈಗ ಕಡಬದಲ್ಲಿ ಬಾಡಿಗೆ ಕೋಣೆ, ಒಂದು ಹೊಲಿಗೆ ಮೆಷಿನ್. ಹಿಂದಿನ ರಾತ್ರಿ ಫೋನ್ ಮಾಡಿದ್ದಳು: “ಬಲಗೈ ಊದಿದೆ ಮಾರಾಯ್ತಿ. ಸುಳ್ಯಕ್ಕೆ ತೋರಿಸ್ಲಿಕ್ಕೆ ಹೋಗುದು. ನೀನೊಮ್ಮೆ ಬಾ.”

ಕಡಬದಲ್ಲೇ ಡಾಕ್ಟರು ಇರುವಾಗ ಸುಳ್ಯ ಯಾಕೆ ಎಂದು ಇಳಿದ ಕೂಡಲೇ ಕೇಳಿದೆ.

“ಇಲ್ಲಿ ತೋರಿಸಿದ್ರೆ ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗ್ತದೆ, ಯಾರು ಹೊಡೆದದ್ದು ಅಂತ.”

“ಯಾರು ಹೊಡೆದದ್ದು?”

ಅವಳು ಗಲ್ಲ ಎತ್ತಿ ರಸ್ತೆಯ ಆಚೆ ತೋರಿಸಿದಳು. ಅಲ್ಲಿ ಒಂದು ಜೀಪು ನಿಂತಿತ್ತು. ಸ್ಟೇರಿಂಗಿನ ಹಿಂದೆ ಅವಳ ತಮ್ಮ ಲೋಕೇಶ. ಹೊಡೆದವನೇ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಂದಿದ್ದ.

ಜೀಪು ಪಂಜ ದಾಟಿತು. ನಿಂತಿಕಲ್ಲಿನಲ್ಲಿ ಲೋಕೇಶ ಹೋಟೆಲಿನ ಮುಂದೆ ಜೀಪು ನಿಲ್ಲಿಸಿ, ನಮಗೆ ಚಾ ಮತ್ತು ಬಿಸಿ ಗೋಳಿಬಜೆ ಕಳಿಸಿದ. ತಾನು ಹೋಟೆಲಿನೊಳಗೇ ಕುಳಿತ. ಆಗ ಚೈತ್ರಾ ಎಡಗೈಯಲ್ಲಿ ಬಜೆ ಮುರಿಯುತ್ತಾ ಹೇಳಿದಳು. ಹಿಂದಿನ ದಿನ ಗುತ್ತಿಗಾರಿನಲ್ಲಿ ತಮ್ಮನ ಮನೆಯಲ್ಲಿ ಅವನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಕರೆಯದಿದ್ದರೂ ಸೀರೆ ಉಟ್ಟು ಹೋದಳು. ಮಗುವನ್ನು ಎತ್ತಿಕೊಳ್ಳಲು ಬಗ್ಗಿದಾಗ ಲೋಕೇಶ ನೆಂಟರೆದುರು ಕೋಲು ಎತ್ತಿದ.

“ಊರವರ ಮಕ್ಕಳಿಗೆ ಆಶೀರ್ವಾದ ಮಾಡ್ಲಿಕ್ಕೆ ನನ್ನನ್ನು ಕರೆಯುದು. ತಮ್ಮನ ಮಗುವಿಗೆ ಕೈ ನೀಡಿದ್ರೆ ಪೆಟ್ಟು. ಹೇಗುಂಟು?”

“ಹಾಗಾದರೆ ಡಾಕ್ಟರ ಹತ್ತಿರ ಹೊಡೆದದ್ದು ಅಂತಲೇ ಹೇಳಬೇಕು,” ಎಂದೆ. ಅವಳು ಬಜೆ ಬಾಯಿಗೆ ಹಾಕಿಕೊಂಡಳು.

ಸುಳ್ಯದ ಆಸ್ಪತ್ರೆಯಲ್ಲಿ ಜನ ಕಡಿಮೆ. ಚೀಟಿ ಬರೆಯುವ ಹುಡುಗಿ ಚೈತ್ರಾಳನ್ನೂ ಲೋಕೇಶನನ್ನೂ ನೋಡಿ, “ನೀವು ಪೇಷಂಟಿಗೆ ಎಂತ ಆಗ್ಬೇಕು?” ಎಂದಳು. ಜೀಪಿನಲ್ಲಿ ಅವನು ಒಮ್ಮೆ ಮಾತ್ರ, ಬಾಗಿಲು ಹಾಕಲು ಹೇಳುವಾಗ, ಅವಳನ್ನು ‘ಅಣ್ಣ’ ಎಂದು ಕರೆದಿದ್ದ. ಈಗ ಹಿಂದೆ ಸಾಲಿನಲ್ಲಿದ್ದವರನ್ನು ತಿರುಗಿ ನೋಡಿದ.

“ನಾನು ತಮ್ಮ. ಇದು ನಮ್ಮ ಅಕ್ಕ.”

ಚೈತ್ರಾ ನನ್ನ ಪಕ್ಕೆಗೆ ತಿವಿದಳು. “ಕೇಳಿದ್ಯಾ? ಹತ್ತು ವರ್ಷದಲ್ಲಿ ಇವತ್ತು ಫಸ್ಟ್.” ಅವಳ ಮುಖ ಅರಳಿತ್ತು. ಇದನ್ನು ಪ್ರೀತಿ ಎಂದು ಓದಿಕೊಳ್ಳುವ ಆತುರ ನನಗಿಲ್ಲ. ‘ಅಣ್ಣ’ ಎಂದಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತಿದ್ದವು. ‘ಅಕ್ಕ’ ಎಂದರೆ ಕೆಲಸ ಬೇಗ ಮುಗಿಯುತ್ತಿತ್ತು.

ಡಾಕ್ಟರು ಮಧ್ಯವಯಸ್ಸಿನವರು. ಗಂಡೋ ಹೆಣ್ಣೋ ಎಂಬ ಗೋಜಿಗೆ ಹೋಗದೆ, “ಎಂತ ಆದದ್ದು ಮಾರಾಯ್ರೆ?” ಎಂದರು.

“ಮೆಟ್ಟಿಲಲ್ಲಿ ಬಿದ್ದದ್ದು.”

ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. “ಬಿದ್ದವರು ಸಾಧಾರಣ ಅಂಗೈ ಊರುದು, ಮಣಿಕಟ್ಟು ಮುರಿಯುದು. ಇದು ಮುಂಗೈ ಎಲುಬು, ನಡುವಿನಲ್ಲಿ. ಪೆಟ್ಟು ತಡೀಲಿಕ್ಕೆ ಕೈ ಅಡ್ಡ ಹಿಡಿದವರಿಗೆ ಹೀಗೆ ಆಗುದು. ಯಾರಾದ್ರೂ ಹೊಡೆದದ್ದಾದ್ರೆ ಹೇಳಿ, ಪೊಲೀಸರಿಗೆ ತಿಳಿಸುವ.”

ಲೋಕೇಶ ಬಾಗಿಲ ಬಳಿ ನಿಂತಿದ್ದ. ಚೈತ್ರಾ ಅವನ ಕಡೆ ನೋಡಲಿಲ್ಲ.

“ಮೆಟ್ಟಿಲು ಸ್ವಲ್ಪ ಜೋರುಂಟು ಡಾಕ್ಟ್ರೆ.”

ನರ್ಸ್ ನಕ್ಕುಬಿಟ್ಟಳು. ಡಾಕ್ಟರು ನಗಲಿಲ್ಲ, ಇನ್ನೊಮ್ಮೆ ಕೇಳಿದರು, ಅದೇ ಉತ್ತರ ಬಂತು.

ಪ್ಲಾಸ್ಟರಿಗೆ ಕಾಯುವಾಗ ನಾನು ಜಗಳಕ್ಕೇ ಇಳಿದೆ. ‘ಹೊಡೆದದ್ದು’ ಎಂದರೆ ಯಾರು ಎಂಬ ಪ್ರಶ್ನೆ ಬರುತ್ತದೆ, ‘ಬಿದ್ದದ್ದು’ ಎಂದರೆ ತಪ್ಪು ಬಿದ್ದವರದೇ ಆಗುತ್ತದೆ ಎಂದೆ.

“ನಿನ್ನ ಪಾಯಿಂಟ್ ಸರಿ,” ಎಂದಳು. “ಆದ್ರೆ ಕೇಸ್ ಆದ್ರೆ ಅವನಿಗೆ ಶಿಕ್ಷೆ ಆಗ್ತದೋ ಇಲ್ಲವೋ, ಆ ಮನೆ ಬಾಗಿಲು ನನಗೆ ಮುಚ್ಚುದು ಗ್ಯಾರಂಟಿ. ಈಗ ಅವ ನಾಲ್ಕು ಜನರ ಎದುರು ಅಕ್ಕ ಅಂದಿದ್ದಾನೆ. ಒಂದು ಆಸೆ ಉಂಟು.”

“ಮುಂದಿನ ಸಲ ತಲೆಗೆ ಬಿದ್ದರೆ?”

“ಆಗ ನೀನು ಬಂದು ವಾದ ಮಾಡು.”

ಆರು ವಾರ ಕೈ ಆಡಿಸುವಂತಿಲ್ಲ ಎಂದು ಡಾಕ್ಟರು ಲೋಕೇಶನಿಗೇ ವಿವರಿಸಿದರು. ಹೊಲಿಗೆ ಇಲ್ಲ, ಅಡುಗೆ ಇಲ್ಲ. ಸೀರೆ ಉಡಲು, ತಲೆ ಬಾಚಲು ಒಬ್ಬರು ಜೊತೆಗೆ ಬೇಕು. “ಮನೆಯಲ್ಲಿ ಹೆಂಗಸರು ಇದ್ದಾರಲ್ಲ?” ಎಂದರು. ಅವನು ತಲೆಯಾಡಿಸಿದ. ಇದ್ದಾರೆ ಎಂದೋ, ಕೇಳಿಸಿತು ಎಂದೋ ತಿಳಿಯಲಿಲ್ಲ.

ಮಧ್ಯಾಹ್ನ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದರು. ಪುತ್ತೂರಿನ ಬಸ್ಸು ಹೊರಡಲು ಹೊತ್ತಿತ್ತು. ಚೈತ್ರಾ ಮುಂದಿನ ಸೀಟಿನಲ್ಲಿ ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟು, ಕೂದಲಿಗೆ ಎಡಗೈಯಲ್ಲಿ ಕ್ಲಿಪ್ ಸಿಕ್ಕಿಸಲು ನೋಡುತ್ತಿದ್ದಳು. ಅವಳ ಕೋಣೆ ಕಡಬದಲ್ಲಿ, ಅವನ ಮನೆ ಗುತ್ತಿಗಾರಿನಲ್ಲಿ. ಎರಡಕ್ಕೂ ದಾರಿ ಬೇರೆ. ಲೋಕೇಶ ಜೀಪು ಸ್ಟಾರ್ಟ್ ಮಾಡಿದ. ನಾನು ಅವನ ಕಿಟಕಿಯ ಹತ್ತಿರ ಹೋಗಿ, ಅವಳಿಗೂ ಕೇಳಿಸುವಷ್ಟು ಜೋರಾಗಿ ಕೇಳಿದೆ:

“ಲೋಕೇಶಣ್ಣ, ಅಕ್ಕನನ್ನು ಈಗ ಎಲ್ಲಿಗೆ ಕರ್ಕೊಂಡು ಹೋಗುದು?”